ರೋಡ್‌ಕಿಂಗ್ ಇಂಜಿನ್ ಮಾಡಿಸಿದ್ದೇನೆ, ಬಿಸಿಯಾದರೆ ನಿಂತು ಹೋಗುತ್ತದೆ. ಎಲ್ಲಿ ನೋಡಲಿ?

ಹಾಸನದ ಯೆಜ್ಡಿ

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನ 1985ರ ಯೆಜ್ಡಿ ರೋಡ್‌ಕಿಂಗ್ ಬೈಕ್ ಈಗ ನನ್ನ ಕೈಗೆ ಬಂದಿದೆ. ಒಂದು ಕಾಲದಲ್ಲಿ ಅವರು ಸಕಲೇಶಪುರದ ತೋಟಕ್ಕೆ ಅದರಲ್ಲೇ ಓಡಾಡುತ್ತಿದ್ದರು. ಆಮೇಲೆ ತುಂಬಾ ವರ್ಷ ಕೊಟ್ಟಿಗೆಯಲ್ಲಿ ನಿಂತಿತ್ತು. ಪೇಂಟ್, ಕ್ರೋಮ್, ವೈರಿಂಗ್ ಎಲ್ಲ ಮುಗಿಸಿದ್ದೇನೆ. ಗಾಡಿ ನೋಡಲು ಚೆನ್ನಾಗಿದೆ, ಆದರೆ ನೆಮ್ಮದಿಯಾಗಿ ಓಡಿಸಲು ಆಗುತ್ತಿಲ್ಲ.

ಇಂಜಿನ್ನಿನಲ್ಲಿ ಆದ ಕೆಲಸ ಇಷ್ಟು. ಸಿಲಿಂಡರ್ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್, ರಿಂಗ್, ಗಜನ್ ಪಿನ್ ಹಾಕಿಸಿದೆ. ಹಳೆಯ ಕಾರ್ಬೊರೇಟರ್‌ನ ಸ್ಲೈಡ್ ಪೂರಾ ಸವೆದಿತ್ತು, ಅದಕ್ಕೆ 24 ಮಿಮೀ ಮಿಕುನಿ ಮಾದರಿಯದು ಹಾಕಿದ್ದೇವೆ. ಕೆಳಗಿನ ಭಾಗ ಬಿಚ್ಚಿಲ್ಲ. ಬೇರಿಂಗ್ ಶಬ್ದ ಇಲ್ಲ, ಸುಮ್ನೆ ಯಾಕೆ ಬಿಚ್ಚೋದು ಅಂತ ಮೆಕ್ಯಾನಿಕ್ ಹೇಳಿದರು. ಇಗ್ನಿಷನ್ (ಪ್ಲಗ್‌ಗೆ ಕಿಡಿ ಕೊಡುವುದು) ತೆರೆದು ಮುಚ್ಚುವ ಹಳೆಯ ಪಾಯಿಂಟ್ಸ್‌ನದ್ದೇ, ಎಲೆಕ್ಟ್ರಾನಿಕ್ ಸಿಡಿಐ ಅಲ್ಲ.

ತೊಂದರೆ ಏನೆಂದರೆ, ಬೆಳಿಗ್ಗೆ ಎರಡನೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ. ಹತ್ತು ಹನ್ನೆರಡು ಕಿಲೋಮೀಟರ್ ಚೆನ್ನಾಗಿ ಓಡುತ್ತದೆ. ಆಮೇಲೆ ಎಳೆತ ಕಡಿಮೆ ಆಗುತ್ತದೆ. ಸಿಗ್ನಲ್‌ನಲ್ಲಿ ನಿಲ್ಲಿಸಿದರೆ ಐಡ್ಲಿಂಗ್ ತಾನಾಗಿಯೇ ಏರುತ್ತದೆ. ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ಇಳಿಯುವುದಿಲ್ಲ. ಇನ್ನೂ ಸ್ವಲ್ಪ ಓಡಿಸಿದರೆ ಇಂಜಿನ್ ಬಿಗಿದ ಹಾಗೆ ಆಗಿ ನಿಂತು ಹೋಗುತ್ತದೆ. ಇಪ್ಪತ್ತು ನಿಮಿಷ ಆರಿದ ಮೇಲೆ ಮತ್ತೆ ಸ್ಟಾರ್ಟ್. ಪ್ಲಗ್ ತೆಗೆದು ನೋಡಿದರೆ ಬೆಳ್ಳಗಿರುತ್ತದೆ. ಗೇರ್ ಆಯಿಲ್ ಮಟ್ಟ ಇಳಿದಿಲ್ಲ.

ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಬರುವ ಸಣ್ಣ ತೂತಿನ ಜೆಟ್ ಬದಲಾಯಿಸಬೇಕಾ? ಕಾರ್ಬೊರೇಟರೇ ತಪ್ಪಾ? ಗೊತ್ತಿರುವವರು ದಯವಿಟ್ಟು ಹೇಳಿ.

ದಾವಣಗೆರೆ ಆರ್‌ಎಕ್ಸ್

ಬ್ರೋ, ಪ್ಲಗ್ ಬೆಳ್ಳಗಿದ್ದರೆ ಲೀನ್ ಓಡುತ್ತಿದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ. ಮೇನ್ ಜೆಟ್ ಎರಡು ಸೈಜ್ ದೊಡ್ಡದು ಹಾಕಿ, ಸೂಜಿಯ ಕ್ಲಿಪ್ ಒಂದು ಗೀರು ಕೆಳಗೆ ಇಳಿಸಿ. ನನ್ನ ಯಮಹಾ ಆರ್‌ಎಕ್ಸ್ 100ಗೆ ಹೀಗೇ ಸರಿ ಮಾಡಿದ್ದೆ. ಹೇಗೂ ಸಿಲಿಂಡರ್ ಬಿಚ್ಚಿದ್ದೀರಿ, ಎಕ್ಸಾಸ್ಟ್ ಪೋರ್ಟ್ (ಸಿಲಿಂಡರ್‌ನಿಂದ ಹೊಗೆ ಹೊರಹೋಗುವ ಕಿಟಕಿ) ಸ್ವಲ್ಪ ಏರಿಸಿ ಪೋರ್ಟಿಂಗ್ ಮಾಡಿಸಿಬಿಡಿ. ಸೈಲೆನ್ಸರ್ ಒಳಗೆ ಶಬ್ದ ತಗ್ಗಿಸುವ ಬ್ಯಾಫಲ್ ತೆಗೆಯಿರಿ. ಗಾಡಿ ಹಾರುತ್ತದೆ.

ಯಾದವಗಿರಿ

ಹಾಸನದವರೇ, ಜೆಟ್‌ಗೆ ಕೈ ಹಾಕಬೇಡಿ. ಈಗಲೇ ಬೇಡ. ಗಾಡಿಯನ್ನೂ ಓಡಿಸಬೇಡಿ. "ಬಿಗಿದ ಹಾಗೆ ಆಗಿ" ಅಂತ ಬರೆದಿದ್ದೀರಲ್ಲ, ಆ ಮಾತು ಓದಿ ನನಗೆ ಭಯ ಆಯಿತು. ಅದು ಪಿಸ್ಟನ್ ಸಿಲಿಂಡರ್‌ಗೆ ಹಿಡಿಯುವ ಮೊದಲ ಲಕ್ಷಣ. ಇನ್ನೊಂದು ಸಲ ಜೋರಾಗಿ ಹಿಡಿದರೆ ಹೊಸ ಬೋರ್ ಹಾಳು.

ನಾನು ಮೈಸೂರಿನವನು. ನಮ್ಮ ತಂದೆ ಜಾವಾ, ಯೆಜ್ಡಿ ಎರಡನ್ನೂ ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಇಂಜಿನ್ ಜೋಡಿಸುವ ಕಡೆ ಇದ್ದರು. 1961ರಲ್ಲಿ ಅಲ್ಲಿ ಜಾವಾ ಗಾಡಿಗಳು ಹೊರಬರಲು ಶುರುವಾದವು. 1996ರಲ್ಲಿ ಬಾಗಿಲು ಹಾಕಿತು. ತಂದೆಯವರ ಕೈಯಲ್ಲಿ ಕಲಿತಿದ್ದನ್ನೇ ನಾನು ಮನೆಯ ಹಿಂದಿನ ಶೆಡ್‌ನಲ್ಲಿ ಇವತ್ತಿಗೂ ಮಾಡುತ್ತಿದ್ದೇನೆ. ಅವರು ಯಾವ ಇಂಜಿನ್ ಬಂದರೂ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ. "ಗಾಳಿ ನಿಲ್ಲುತ್ತಾ?"

ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್‌ಕೇಸ್ ಬರೀ ಕ್ರ್ಯಾಂಕ್ ಕೂರುವ ಜಾಗ ಅಲ್ಲ. ಅದೇ ಪಂಪ್. ಪಿಸ್ಟನ್ ಮೇಲೆ ಹೋಗುವಾಗ ಕೆಳಗೆ ನಿರ್ವಾತ ಆಗಿ ಕಾರ್ಬೊರೇಟರ್‌ನಿಂದ ಪೆಟ್ರೋಲ್-ಗಾಳಿ ಒಳಗೆ ಬರುತ್ತದೆ. ಪಿಸ್ಟನ್ ಇಳಿಯುವಾಗ ಅದೇ ಮಿಶ್ರಣ ಒತ್ತಿ ಟ್ರಾನ್ಸ್‌ಫರ್ ಪೋರ್ಟ್‌ನಲ್ಲಿ ಮೇಲಕ್ಕೆ ಹೋಗುತ್ತದೆ. ಈ ಪಂಪ್ ಎಲ್ಲಾದರೂ ಸೋರಿದರೆ ಕಾರ್ಬೊರೇಟರ್‌ಗೆ ಗೊತ್ತಿಲ್ಲದ ಗಾಳಿ ಒಳಗೆ ಸೇರುತ್ತದೆ. ಪೆಟ್ರೋಲ್ ಅಷ್ಟೇ, ಗಾಳಿ ಜಾಸ್ತಿ. ಅದಕ್ಕೇ ಐಡ್ಲಿಂಗ್ ತಾನಾಗಿ ಏರುವುದು. ಮಿಶ್ರಣ ಲೀನ್ ಆದರೆ ಬಿಸಿ ಏರುತ್ತದೆ. ಪೆಟ್ರೋಲ್ ಜೊತೆ ಬರುವ ಆಯಿಲ್ ಕೂಡ ಬರುವ ಗಾಳಿಗೆ ಸಾಲುವುದಿಲ್ಲ.

ಈ ಗಾಡಿಗಳಲ್ಲಿ ಕ್ರ್ಯಾಂಕ್‌ನ ಎರಡು ತುದಿಗೂ ಆಯಿಲ್ ಸೀಲ್ ಇದೆ. ಎಡಗಡೆ ಕ್ಲಚ್ ಮತ್ತು ಪ್ರೈಮರಿ ಚೈನ್. ಅಲ್ಲಿ ಗೇರ್ ಆಯಿಲ್ ತುಂಬಿರುತ್ತದೆ. ಎಡಗಡೆ ಸೀಲ್ ಹೋದರೆ ಇಂಜಿನ್ ಗೇರ್ ಆಯಿಲನ್ನೇ ಎಳೆದುಕೊಂಡು ಸುಡುತ್ತದೆ. ಎರಡೂ ಸೈಲೆನ್ಸರ್‌ನಿಂದ ದಟ್ಟ ಹೊಗೆ, ಪ್ಲಗ್ ಒದ್ದೆ, ಆಯಿಲ್ ಮಟ್ಟ ಇಳಿತ. ನಿಮಗೆ ಅದು ಯಾವುದೂ ಇಲ್ಲ. ಬಲಗಡೆ ಮ್ಯಾಗ್ನೆಟ್ ಮತ್ತು ಪಾಯಿಂಟ್ಸ್. ಅಲ್ಲಿ ಆಯಿಲ್ ಇಲ್ಲ, ಬರೀ ಗಾಳಿ. ಬಲಗಡೆ ಸೀಲ್ ಹೋದರೆ ಹೊಗೆ ಬರುವುದಿಲ್ಲ, ಆಯಿಲ್ ಇಳಿಯುವುದಿಲ್ಲ, ಯಾವ ಗುರುತೂ ಕಾಣುವುದಿಲ್ಲ. ಪ್ಲಗ್ ಮಾತ್ರ ಬೆಳ್ಳಗಾಗುತ್ತದೆ. ನೀವು ಬರೆದಿದ್ದು ಅದೇ ಅಲ್ವಾ?

ಕೆಳಗಿನ ಭಾಗ ಬಿಚ್ಚಿಲ್ಲ ಅಂದಿರಿ. ಹಾಗಾದರೆ ಆ ಸೀಲ್‌ಗಳು ಹಳೆಯವೇ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಸೀಲ್‌ನ ರಬ್ಬರ್ ಒಣಗಿ ಗಟ್ಟಿಯಾಗಿರುತ್ತದೆ. ಬೇರಿಂಗ್ ಶಬ್ದ ಇಲ್ಲದಿದ್ದರೆ ಸೀಲ್ ಚೆನ್ನಾಗಿದೆ ಅಂತ ಅರ್ಥ ಅಲ್ಲ.

ಆದರೂ ನನ್ನ ಮಾತು ನಂಬಿ ಬಿಚ್ಚಬೇಡಿ. ಪರೀಕ್ಷೆ ಮಾಡಿ. ಮನೆಯಲ್ಲಿ ಹಿರಿಯರ ಬಿಪಿ ನೋಡುವ ಹಳೆಯ ಯಂತ್ರ ಇದೆಯಾ? ಕೈಯಲ್ಲಿ ಒತ್ತುವ ರಬ್ಬರ್ ಬಲ್ಬ್, ಮುಳ್ಳಿನ ಡಯಲ್ ಇರುವುದು. ಅದೇ ಸಾಕು. ಕಾರ್ಬೊರೇಟರ್ ತೆಗೆದು ಆ ಬಾಯಿಗೆ ಹಳೆಯ ಟ್ಯೂಬಿನ ತುಂಡು, ಅದರ ಮೇಲೆ ಒಂದು ತಗಡಿನ ಪಟ್ಟಿ ಇಟ್ಟು ಬಿಗಿಯಿರಿ. ನಮ್ಮ ಗಾಡಿಗೆ ಸಿಲಿಂಡರ್ ಒಂದೇ ಆದರೂ ಎಕ್ಸಾಸ್ಟ್ ಎರಡು. ಎರಡನ್ನೂ ಮುಚ್ಚಬೇಕು. ಒಂದು ರಬ್ಬರ್ ಬಿರಡೆಯಲ್ಲಿ ತೂತು ಮಾಡಿ ಬಿಪಿ ಯಂತ್ರದ ಕೊಳವೆ ತೂರಿಸಿ. ಪ್ಲಗ್ ಅದರ ಜಾಗದಲ್ಲೇ ಇರಲಿ. ಪಿಸ್ಟನ್ ಪೂರ್ತಿ ಕೆಳಗೆ ಇರಲಿ, ಆಗ ಪೋರ್ಟ್‌ಗಳು ತೆರೆದಿರುತ್ತವೆ, ಗಾಳಿ ಕ್ರ್ಯಾಂಕ್‌ಕೇಸ್‌ವರೆಗೂ ಹೋಗುತ್ತದೆ.

ಬಲ್ಬ್ ಒತ್ತಿ ಮುಳ್ಳನ್ನು 300ರವರೆಗೆ ಏರಿಸಿ. ಅದು ಸುಮಾರು 6 ಪಿಎಸ್‌ಐ. ಅದಕ್ಕಿಂತ ಜಾಸ್ತಿ ಬೇಡ, ಒಳ್ಳೆಯ ಸೀಲ್ ಕೂಡ ಜಾಗ ಬಿಟ್ಟು ಬರಬಹುದು. ಈಗ ಗಡಿಯಾರ ನೋಡಿ. ನಿಮಿಷಕ್ಕೆ 50ಕ್ಕಿಂತ ಜಾಸ್ತಿ ಇಳಿದರೆ ಸೋರಿಕೆ ಇದೆ. ಸೋಪಿನ ನೀರನ್ನು ಬ್ರಷ್‌ನಲ್ಲಿ ಹಚ್ಚುತ್ತಾ ಹೋಗಿ. ಹೆಡ್, ಸಿಲಿಂಡರ್ ಬುಡ, ಕೇಸ್‌ನ ಜೋಡಣೆ, ಕೊನೆಗೆ ಮ್ಯಾಗ್ನೆಟ್ ಹಿಂದೆ. ಎಲ್ಲಿ ಗುಳ್ಳೆ ಬರುತ್ತದೋ ಅಲ್ಲಿ ನಿಮ್ಮ ಕಾಯಿಲೆ.

ಒಂದು ವಿಷಯ ನೆನಪಿಡಿ. ಸೀಲ್‌ನ ತುಟಿ ಒಳಮುಖವಾಗಿರುತ್ತದೆ. ಒಳಗಿನಿಂದ ಗಾಳಿ ಒತ್ತಿದರೆ ಆ ತುಟಿ ಶಾಫ್ಟ್‌ಗೆ ಇನ್ನೂ ಬಿಗಿಯಾಗಿ ಕೂರುತ್ತದೆ. ಹಾಗಾಗಿ ಅರ್ಧ ಕೆಟ್ಟ ಸೀಲ್ ಒತ್ತಡದ ಪರೀಕ್ಷೆಯಲ್ಲಿ ಪಾಸಾಗಿ ನಿರ್ವಾತದಲ್ಲಿ ಫೇಲ್ ಆಗಬಹುದು. ಒತ್ತಡದಲ್ಲಿ ಏನೂ ಸಿಗದಿದ್ದರೆ ಗಾಳಿ ಎಳೆಯುವ ಪಂಪ್ ಹಾಕಿಯೂ ನೋಡಬೇಕು.

ಇಗ್ನಿಷನ್ನನ್ನೂ ಒಮ್ಮೆ ಪರೀಕ್ಷಿಸಿ. ಬಿಸಿಯಾದಾಗ ಕಂಡೆನ್ಸರ್ ಅಥವಾ ಕಾಯಿಲ್ ಕೈ ಕೊಡುವುದು ಈ ಗಾಡಿಗಳಲ್ಲಿ ಸಾಮಾನ್ಯ. ಸೋರಿಕೆ ಸರಿ ಮಾಡಿದ ಮೇಲೂ ಬಿಸಿಯಲ್ಲಿ ನಿಂತರೆ ಅಲ್ಲೇ ಪ್ಲಗ್ ತೆಗೆದು ಕಿಡಿ ನೋಡಿ. ಕಿಡಿ ಹಳದಿಯಾಗಿ ಸಣ್ಣಗಿದ್ದು, ಪಾಯಿಂಟ್ಸ್ ನಡುವೆ ಜಾಸ್ತಿ ಮಿಂಚು ಕಂಡರೆ ಕಂಡೆನ್ಸರ್ ಹೋಗಿದೆ. ಟ್ಯಾಂಕ್ ಮುಚ್ಚಳ ತೆರೆದ ತಕ್ಷಣ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿ ತೂತು ಪೇಂಟ್‌ನಿಂದಲೋ ಧೂಳಿನಿಂದಲೋ ಮುಚ್ಚಿದೆ. ಆದರೆ ಈ ಎರಡರಲ್ಲೂ ಐಡ್ಲಿಂಗ್ ತಾನಾಗಿ ಏರಿ ಅಲ್ಲೇ ನಿಲ್ಲುವುದಿಲ್ಲ. ಅದಕ್ಕೇ ನನಗೆ ಸೀಲ್ ಮೇಲೇ ಗುಮಾನಿ.

ದಾವಣಗೆರೆಯವರೇ, ನಿಮ್ಮ ಉತ್ಸಾಹ ನನಗೆ ಇಷ್ಟ ಆಯಿತು, ಆದರೆ ಈ ಸಲಹೆ ಈ ಇಂಜಿನ್‌ಗೆ ಹೊಂದುವುದಿಲ್ಲ. ಸೋರುವ ಇಂಜಿನ್‌ಗೆ ದೊಡ್ಡ ಜೆಟ್ ಹಾಕಿದರೆ ಒಂದು ವೇಗದಲ್ಲಿ ಸರಿ ಕಾಣುತ್ತದೆ, ಇನ್ನೊಂದರಲ್ಲಿ ಕೆಡುತ್ತದೆ. ಸೋರಿಕೆ ದಿನದಿನಕ್ಕೂ ಜಾಸ್ತಿ ಆಗುತ್ತದೆ. ಜೆಟ್ ಅದರ ಹಿಂದೆ ಓಡಲು ಆಗುತ್ತದಾ? ಪೋರ್ಟಿಂಗ್ ಬಗ್ಗೆ ಹೇಳುವುದಾದರೆ, ಆರ್‌ಎಕ್ಸ್ 100ರಲ್ಲಿ ಬೋರ್ (ಸಿಲಿಂಡರ್ ಅಗಲ) 50 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡಾಟ) 50. ಅದು ಮೇಲಿನ ಆರ್‌ಪಿಎಂನಲ್ಲಿ ಹಾಡುವ ಇಂಜಿನ್, ಗಾಳಿ ಒಳಗೆ ಬರುವ ದಾರಿಯಲ್ಲಿ ರೀಡ್ ವಾಲ್ವ್ (ಒಂದೇ ಕಡೆ ತೆರೆಯುವ ತೆಳು ಎಲೆ) ಬೇರೆ ಇದೆ. ಯೆಜ್ಡಿಯಲ್ಲಿ ಬೋರ್ 65, ಸ್ಟ್ರೋಕ್ 75. ಉದ್ದ ಸ್ಟ್ರೋಕ್. ರೀಡ್ ಇಲ್ಲ, ಪಿಸ್ಟನ್ನೇ ಪೋರ್ಟ್ ತೆರೆದು ಮುಚ್ಚುತ್ತದೆ. ಇದರ ಬಲ ಇರುವುದು ಕೆಳಗಿನ ಎಳೆತದಲ್ಲಿ. ಎಕ್ಸಾಸ್ಟ್ ಪೋರ್ಟ್ ಏರಿಸಿದರೆ ಆ ಎಳೆತ ಹೋಗುತ್ತದೆ, ಮೇಲೆ ಸಿಗುವುದು ಸ್ವಲ್ಪ. ಕತ್ತರಿಸಿದ ಪೋರ್ಟನ್ನು ಮತ್ತೆ ಕೂಡಿಸಲು ಆಗುವುದಿಲ್ಲ. ಒಳ್ಳೆಯ ಸಿಲಿಂಡರ್ ಈಗ ಎಲ್ಲಿ ಸಿಗುತ್ತದೆ ಹೇಳಿ. ಬ್ಯಾಫಲ್ ತೆಗೆಯುವುದು ಬೇಡ, ತೊಳೆಯಿರಿ. ಎಕ್ಸಾಸ್ಟ್‌ನಲ್ಲಿ ವಾಪಸ್ ಬರುವ ಒತ್ತಡದ ಅಲೆಯೂ ಈ ಇಂಜಿನ್ನಿನ ಲೆಕ್ಕದಲ್ಲಿ ಸೇರಿದೆ. ಬ್ಯಾಫಲ್ ತೆಗೆದರೆ ಶಬ್ದ ಮಾತ್ರ ಜಾಸ್ತಿ ಆಗುತ್ತದೆ.

ದಾವಣಗೆರೆ ಆರ್‌ಎಕ್ಸ್

ಸರ್, ರೀಡ್ ವಾಲ್ವ್ ವ್ಯತ್ಯಾಸ ನಾನು ಯೋಚಿಸಿರಲಿಲ್ಲ. ಬಿಪಿ ಯಂತ್ರದ ಉಪಾಯ ನನ್ನ ಗಾಡಿಗೂ ಮಾಡಿ ನೋಡುತ್ತೇನೆ.

ಹಾಸನದ ಯೆಜ್ಡಿ

ಯಾದವಗಿರಿ ಸರ್, ತುಂಬಾ ಥ್ಯಾಂಕ್ಸ್. ಅಜ್ಜಿಯ ಬಿಪಿ ಯಂತ್ರ ಇತ್ತು. ನೀವು ಹೇಳಿದ ಹಾಗೇ ಮಾಡಿದೆವು. 300ಕ್ಕೆ ಏರಿಸಲೂ ಕಷ್ಟ ಆಯಿತು, ಮುಳ್ಳು ನೋಡುತ್ತಿದ್ದ ಹಾಗೇ ಬಿತ್ತು. ಹೆಡ್‌ನಲ್ಲಿ, ಬುಡದಲ್ಲಿ ಗುಳ್ಳೆ ಇಲ್ಲ. ಬಲಗಡೆ ಕವರ್ ತೆಗೆದು ಮ್ಯಾಗ್ನೆಟ್ ಸುತ್ತ ಸೋಪಿನ ನೀರು ಹಾಕಿದರೆ ನೊರೆ ಉಕ್ಕಿ ಬಂತು.

ಸಿಲಿಂಡರ್ ಕೂಡ ಎತ್ತಿ ನೋಡಿದೆ. ಪಿಸ್ಟನ್‌ನ ಎಕ್ಸಾಸ್ಟ್ ಕಡೆ ಎರಡು ಮೂರು ಉದ್ದ ಗೀರು ಇದೆ, ಉಗುರಿಗೆ ಸ್ವಲ್ಪ ಮಾತ್ರ ಸಿಗುತ್ತದೆ. ಪೋರ್ಟ್‌ನ ಅಂಚು ಬೆರಳಿಗೆ ಬ್ಲೇಡ್ ಥರ ಚೂಪಾಗಿದೆ. ಇದು ಹೀಗೇ ಇರಬೇಕಾ? ಸೀಲ್ ಯಾವುದು ತರಲಿ? ಜೊತೆಗೆ ಏನೇನು ಮಾಡಿಸಲಿ?

ಯಾದವಗಿರಿ

ಸಮಯಕ್ಕೆ ಸಿಕ್ಕಿತು. ಸಂತೋಷ ಆಯಿತು.

ಪೋರ್ಟ್ ಅಂಚು ಹಾಗೆ ಇರಲೇಬಾರದು. ಬೋರ್ ಮಾಡಿದಾಗ ಅಂಚು ಚೂಪಾಗುತ್ತದೆ. ಅದನ್ನು ಸಣ್ಣ ಅರದಿಂದ ಮುರಿದು, ಆಮೇಲೆ ಎಮರಿ ಪೇಪರ್‌ನಿಂದ ನಯ ಮಾಡಬೇಕು. ಎಲ್ಲ ಪೋರ್ಟ್‌ಗೂ, ಮೇಲೆ ಕೆಳಗೆ ಎರಡೂ ಕಡೆ. ರಿಂಗ್ ಪ್ರತಿ ಸುತ್ತಿನಲ್ಲೂ ಈ ಕಿಟಕಿಗಳನ್ನು ದಾಟುತ್ತದೆ. ಅಲ್ಲಿ ಸ್ವಲ್ಪ ಉಬ್ಬುತ್ತದೆ. ಅಂಚು ಚೂಪಿದ್ದರೆ ರಿಂಗ್ ಸಿಕ್ಕಿ ಮುರಿಯುತ್ತದೆ. ಬೋರ್ ಮಾಡುವ ಅನೇಕರು ಈ ಕೆಲಸ ಬಿಟ್ಟುಬಿಡುತ್ತಾರೆ, ಯಾಕೆಂದರೆ ಅವರ ಹತ್ತಿರ ಬರುವ ಸಿಲಿಂಡರ್‌ಗಳಲ್ಲಿ ಹೆಚ್ಚಿನವು ಫೋರ್ ಸ್ಟ್ರೋಕ್‌ನವು, ಅವಕ್ಕೆ ಪೋರ್ಟೇ ಇಲ್ಲ. ಅರ ಉಜ್ಜಿದ ಮೇಲೆ ಸಿಲಿಂಡರ್ ಸೋಪು ಬಿಸಿನೀರಲ್ಲಿ ತೊಳೆಯಿರಿ. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಕಪ್ಪು ಬರಬಾರದು. ಆಮೇಲೆ ತಕ್ಷಣ ಆಯಿಲ್ ಹಚ್ಚಿ, ಎರಕದ ಕಬ್ಬಿಣ ನೋಡುತ್ತಿದ್ದ ಹಾಗೇ ತುಕ್ಕು ಹಿಡಿಯುತ್ತದೆ.

ಗೀರು ಉಗುರಿಗೆ ಸ್ವಲ್ಪ ಮಾತ್ರ ಸಿಕ್ಕರೆ ಪಿಸ್ಟನ್ ಉಳಿಯುತ್ತದೆ. ಉಬ್ಬಿದ ಅಲ್ಯೂಮಿನಿಯಂ ಮಾತ್ರ 600ರ ಪೇಪರ್‌ನಲ್ಲಿ, ಆಯಿಲ್ ಹಾಕಿ, ಮೆತ್ತಗೆ ತೆಗೆಯಿರಿ. ಸುತ್ತಲೂ ಉಜ್ಜಬೇಡಿ. ರಿಂಗ್ ಅದು ಕೂರುವ ತೋಡಿನಲ್ಲಿ ಸಲೀಸಾಗಿ ಆಡುತ್ತಿದೆಯಾ ನೋಡಿ. ಪಿಸ್ಟನ್ ಮತ್ತು ಸಿಲಿಂಡರ್ ನಡುವಿನ ಅಂತರ ಒಮ್ಮೆ ಅಳೆಸಿ. ಗಾಳಿಯಲ್ಲಿ ಆರುವ ಕಬ್ಬಿಣದ ಸಿಲಿಂಡರ್ ಇದು. ಪಿಸ್ಟನ್ ಹಿಗ್ಗಲು ಜಾಗ ಬೇಕು. ಕಾರಿನ ಲೆಕ್ಕದಲ್ಲಿ ತೀರಾ ಟೈಟ್ ಬಿಟ್ಟಿದ್ದರೆ ಹೋನ್ ಮಾಡಿಸಬೇಕಾಗುತ್ತದೆ, ಅಂದರೆ ಒಳಗೆ ಸ್ವಲ್ಪ ಉಜ್ಜಿಸಿ ಅಗಲ ಮಾಡಿಸಬೇಕು. ಪಿಸ್ಟನ್ ಪೆಟ್ಟಿಗೆಯಲ್ಲಿ ಬರುವ ಚೀಟಿಯ ಅಳತೆ ಬೋರ್ ಮಾಡುವವರಿಗೆ ತೋರಿಸಿ. ರಿಂಗ್ ಬಾಯಿ ಸಿಲಿಂಡರ್ ಒಳಗೆ ಇಟ್ಟಾಗ 0.25ರಿಂದ 0.3 ಮಿಮೀ ಇರಲಿ.

ಸೀಲ್ ವಿಷಯ. ಹಳೆಯದನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ. ಅದರ ಮೇಲೆ ಒಳ ವ್ಯಾಸ, ಹೊರ ವ್ಯಾಸ, ದಪ್ಪ ಮೂರೂ ಅಚ್ಚಾಗಿರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೇರಿಂಗ್, ಸೀಲ್ ಮಾರುವ ಅಂಗಡಿಗಳಲ್ಲಿ ಅಳತೆ ಹೇಳಿದರೆ ಕೊಡುತ್ತಾರೆ. ಬಿಸಿ, ಪೆಟ್ರೋಲ್ ತಡೆಯುವ ವಿಟಾನ್ ರಬ್ಬರ್‌ನದು ಕೇಳಿ. ಕಂದು ಬಣ್ಣದ್ದು ಜಾಸ್ತಿ ಬರುತ್ತದೆ, ಆದರೆ ಬಣ್ಣ ನೋಡಿ ನಂಬಬೇಡಿ, ಕೇಳಿಯೇ ತೆಗೆದುಕೊಳ್ಳಿ. ಈಗಿನ ಪೆಟ್ರೋಲ್‌ನಲ್ಲಿ 20% ಎಥನಾಲ್ ಇರುತ್ತದೆ. ಮಾಮೂಲಿ ರಬ್ಬರ್‌ಗಿಂತ ವಿಟಾನ್ ಅದನ್ನು ಚೆನ್ನಾಗಿ ತಡೆಯುತ್ತದೆ. ಹಾಕುವ ಮುಂಚೆ ಶಾಫ್ಟ್ ಮೇಲೆ ಹಳೆಯ ಸೀಲ್ ಕೂತ ಜಾಗದಲ್ಲಿ ಗೀರು ಬಿದ್ದಿದೆಯಾ ಉಗುರಲ್ಲಿ ನೋಡಿ. ಬಿದ್ದಿದ್ದರೆ ಹೊಸ ಸೀಲನ್ನು ಒಂದು ಮಿಲಿಮೀಟರ್ ಆಚೀಚೆ ಕೂರಿಸಿ, ತುಟಿ ಹೊಸ ಜಾಗದಲ್ಲಿ ಕೂರಲಿ. ತುಟಿಗೆ ಗ್ರೀಸ್ ಹಚ್ಚದೆ ಹಾಕಬೇಡಿ.

ಮ್ಯಾಗ್ನೆಟ್ ಕೀಳಲು ಪುಲ್ಲರ್ ಬೇಕು. ಸುತ್ತಿಗೆ, ಸ್ಕ್ರೂ ಡ್ರೈವರ್ ಹಾಕಿ ಮೀಟಬೇಡಿ. ಕ್ರ್ಯಾಂಕ್‌ನ ತುದಿ ಬಾಗಿದರೆ ಪಾಯಿಂಟ್ಸ್ ಗ್ಯಾಪ್ ಯಾವತ್ತೂ ಒಂದೇ ಸಮ ನಿಲ್ಲುವುದಿಲ್ಲ. ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕೈಗೆ ಆಟ ಗೊತ್ತಾದರೆ ಮೇನ್ ಬೇರಿಂಗ್ ಸವೆದಿದೆ. ಹಾಗಿದ್ದರೆ ಸೀಲ್ ಮಾತ್ರ ಹಾಕಿ ಪ್ರಯೋಜನ ಇಲ್ಲ, ಶಾಫ್ಟ್ ಕುಣಿದು ಹೊಸ ಸೀಲನ್ನೂ ತಿನ್ನುತ್ತದೆ. ಆಗ ಕೇಸ್ ಒಡೆದು ಬೇರಿಂಗ್ ಬದಲಿಸಿ. ಸಿ3 ಅಂತ ಬರೆದಿರುವುದೇ ಬೇಕು, ಬಿಸಿಯಾದಾಗ ಹಿಗ್ಗಲು ಒಳಗೆ ಜಾಗ ಇರುವುದು. ಎಡಗಡೆ ಸೀಲೂ ಅದೇ ವಯಸ್ಸಿನದು. ಎರಡನ್ನೂ ಬದಲಿಸಿ ಅನ್ನುವುದೇ ನನ್ನ ಸಲಹೆ.

ಜೋಡಿಸಿದ ಮೇಲೆ ಬಿಪಿ ಯಂತ್ರ ಮತ್ತೆ ಹಾಕಿ. ಗಾಳಿ ನಿಲ್ಲಬೇಕು. ನಿಂತ ಮೇಲೆಯೇ ಮುಂದಿನ ಕೆಲಸ.

ಆಮೇಲೆ ಪಾಯಿಂಟ್ಸ್ ಗ್ಯಾಪ್ 0.4 ಮಿಮೀ ಇಟ್ಟು ಟೈಮಿಂಗ್ ನೋಡಿ. ಕಣ್ಣಂದಾಜು ಬೇಡ. ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಹಾಕಿ, ಪಿಸ್ಟನ್ ತುದಿಗೆ ಬರುವ ಮುಂಚೆ 3 ಮಿಮೀ ಆಸುಪಾಸಿನಲ್ಲಿ ಪಾಯಿಂಟ್ಸ್ ತೆರೆಯಬೇಕು. ನಿಮ್ಮ ಮಾಡೆಲ್‌ನ ಮ್ಯಾನುಯಲ್‌ನಲ್ಲಿರುವ ಅಳತೆಯೇ ಕೊನೆಯ ಮಾತು. ತೆರೆಯುವ ಕ್ಷಣ ಹಿಡಿಯಲು ಪಾಯಿಂಟ್ಸ್ ನಡುವೆ ತೆಳು ಕಾಗದ ಸಿಕ್ಕಿಸಿ ಮೆತ್ತಗೆ ಎಳೆಯುತ್ತಾ ಮ್ಯಾಗ್ನೆಟ್ ತಿರುಗಿಸಿ. ಕಾಗದ ಸಡಿಲ ಆದ ಕ್ಷಣವೇ ಅದು. ಟೈಮಿಂಗ್ ಜಾಸ್ತಿ ಮುಂದಿದ್ದರೂ ಪಿಸ್ಟನ್ ಸುಡುತ್ತದೆ.

ಕಾರ್ಬೊರೇಟರ್ ಕೊನೆಗೆ. ಆಯಿಲ್ ವಿಷಯದಲ್ಲಿ ಒಂದು ತಪ್ಪು ತಿಳುವಳಿಕೆ ಇದೆ, ಲೀನ್ ಆದರೆ ಆಯಿಲ್ ಜಾಸ್ತಿ ಹಾಕಿ ಅಂತ. ಆಯಿಲ್ ಜಾಸ್ತಿ ಆದಷ್ಟೂ ಅದೇ ಜೆಟ್‌ನಲ್ಲಿ ಬರುವ ಪೆಟ್ರೋಲ್ ಕಡಿಮೆ. ಮಿಶ್ರಣ ಇನ್ನೂ ಲೀನ್ ಆಗುತ್ತದೆ. ರನ್ನಿಂಗ್ ಇನ್ (ಹೊಸ ಪಿಸ್ಟನ್ ಪಳಗುವ ಕಾಲ) ಮುಗಿಯುವವರೆಗೆ ಲೀಟರ್‌ಗೆ 40 ಎಂಎಲ್ ಒಳ್ಳೆಯ 2ಟಿ (ಟೂ ಸ್ಟ್ರೋಕ್) ಆಯಿಲ್, ಆಮೇಲೆ 30 ಎಂಎಲ್. ಡಬ್ಬಿಯ ಮೇಲೆ ಜಾಸೊ ಎಫ್‌ಸಿ ಅಥವಾ ಎಫ್‌ಡಿ ಅಂತ ಗುಣಮಟ್ಟದ ಗುರುತು ಇರಲಿ. ಆಯಿಲ್ ಅಳತೆ ಒಮ್ಮೆ ನಿಂತ ಮೇಲೆ ಜೆಟ್ ನೋಡಿ, ಉಲ್ಟಾ ಮಾಡಬೇಡಿ. ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಹಳೆಯ ಕಾಲದ ಜೆಟ್ ಈಗ ಸ್ವಲ್ಪ ಲೀನ್ ಆಗುತ್ತದೆ. ಇಲ್ಲಿ ದಾವಣಗೆರೆಯವರ ಮಾತು ಸರಿ, ಮೇನ್ ಜೆಟ್ ಒಂದು ಸೈಜ್ ದೊಡ್ಡದು ಬೇಕಾಗಬಹುದು. ಪೆಟ್ರೋಲ್ ತುಂಬಿಸಿಟ್ಟು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಎಥನಾಲ್ ತೇವ ಹೀರಿ ನೀರು ಕೆಳಗೆ ಕೂರುತ್ತದೆ, ಟ್ಯಾಂಕ್ ಒಳಗೆ ತುಕ್ಕು.

ಮಲೆನಾಡ ಹಾದಿ

ನಾನು ಸಕಲೇಶಪುರದ ಕಡೆಯವಳು. ನಮ್ಮ ಅಪ್ಪನ ಹಳೆಯ ಜಾವಾ ಈಗ ನಾನೇ ಓಡಿಸುತ್ತೇನೆ. ಹಾಸನದವರಿಗೆ ಒಂದು ಮಾತು. ಗಾಡಿ ಸರಿಯಾದ ಖುಷಿಯಲ್ಲಿ ನೇರ ಶಿರಾಡಿ ಘಾಟಿ ಇಳಿಯಬೇಡಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರ್‌ನಲ್ಲೇ ಬಿಟ್ಟರೆ ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಬರುವುದಿಲ್ಲ. ಪೆಟ್ರೋಲ್ ಇಲ್ಲ ಅಂದರೆ ಆಯಿಲೂ ಇಲ್ಲ. ನಮ್ಮ ಅಪ್ಪ ಪ್ರತಿ ತಿರುವಿನಲ್ಲೂ ಕ್ಲಚ್ ಹಿಡಿದು ಒಮ್ಮೆ ರೇಸ್ ಕೊಡುತ್ತಿದ್ದರು. ಚಿಕ್ಕವಳಿದ್ದಾಗ ಯಾಕೆ ಅಂತ ಕೇಳಿದ್ದೆ. "ಇಂಜಿನ್‌ಗೆ ಗುಟುಕು ಕೊಡಬೇಕಮ್ಮ" ಅನ್ನುತ್ತಿದ್ದರು.

ಯಾದವಗಿರಿ

ನಿಮ್ಮ ತಂದೆಯವರ ಮಾತು ನೂರಕ್ಕೆ ನೂರು ನಿಜ, ಅಮ್ಮ. ಘಾಟಿ ಇಳಿಯುವಾಗ ಹಿಡಿದ ಪಿಸ್ಟನ್‌ಗಳನ್ನು ನಾನು ನೋಡಿದ್ದೇನೆ. ಬ್ರೇಕ್ ಮೇಲೆ ಭಾರ ಬೀಳುತ್ತದೆ ನಿಜ, ಆದ್ದರಿಂದ ಹೊರಡುವ ಮುಂಚೆ ಬ್ರೇಕ್ ಶೂ ನೋಡಿಕೊಳ್ಳಬೇಕು.

ಹಾಸನದ ಯೆಜ್ಡಿ

ಎಲ್ಲರಿಗೂ ಅಪ್‌ಡೇಟ್. ಶಾಫ್ಟ್‌ನಲ್ಲಿ ಆಟ ಇರಲಿಲ್ಲ, ಬೇರಿಂಗ್ ಬಚಾವ್. ಎರಡೂ ಸೀಲ್ ವಿಟಾನ್‌ನದು ಹಾಕಿಸಿದೆ. ತೆಗೆದ ಸೀಲ್ ಬಗ್ಗಿಸಿದರೆ ಬಿಸ್ಕತ್ತಿನ ಥರ ಮುರಿಯಿತು. ಪೋರ್ಟ್ ಅಂಚು ಮುರಿದು ನಯ ಮಾಡಿದೆವು, ಸಿಲಿಂಡರ್ ಸ್ವಲ್ಪ ಟೈಟ್ ಇತ್ತು, ಹೋನ್ ಮಾಡಿಸಿದೆ. ಬಿಪಿ ಮುಳ್ಳು ಈಗ ಅಲುಗುವುದಿಲ್ಲ. ಟೈಮಿಂಗ್ ಕೂಡ ತುಂಬಾ ಮುಂದಿತ್ತು, ಮ್ಯಾನುಯಲ್ ಅಳತೆಗೆ ತಂದೆ.

ನಿನ್ನೆ ಬೇಲೂರಿಗೆ ಹೋಗಿ ಬಂದೆ. ಎಲ್ಲೂ ನಿಲ್ಲಲಿಲ್ಲ. ಆಕ್ಸಿಲರೇಟರ್ ಬಿಟ್ಟರೆ ಐಡ್ಲಿಂಗ್ ಕೂಡಲೇ ಇಳಿಯುತ್ತದೆ. ದೊಡ್ಡಪ್ಪ ಗೇಟ್‌ನಲ್ಲಿ ನಿಂತು ಶಬ್ದ ಕೇಳಿಯೇ "ಈಗ ಸರಿ ಆಯಿತು ಕಣೋ" ಅಂದರು.

ಒಂದೇ ಸಂಶಯ ಉಳಿದಿದೆ ಸರ್. ಅರ್ಧ ಆಕ್ಸಿಲರೇಟರ್‌ನಲ್ಲಿ ಸ್ವಲ್ಪ ತಡವರಿಸಿ ಆಮೇಲೆ ಎಳೆಯುತ್ತದೆ. ಪೂರ್ತಿ ತಿರುಗಿಸಿದರೆ ಚೆನ್ನಾಗಿದೆ.

ಯಾದವಗಿರಿ

ಬಹಳ ಖುಷಿ ಆಯಿತು. ದೊಡ್ಡಪ್ಪನಿಗೆ ನನ್ನ ನಮಸ್ಕಾರ ಹೇಳಿ.

ಅರ್ಧ ಆಕ್ಸಿಲರೇಟರ್ ಅಂದರೆ ಸೂಜಿಯ ಕೆಲಸ, ಮೇನ್ ಜೆಟ್ ಮುಟ್ಟಬೇಡಿ. ಆ ತಡವರಿಕೆ ಬರುವ ಜಾಗದಲ್ಲಿ ಚೋಕ್ ಸ್ವಲ್ಪ ಎಳೆದು ನೋಡಿ. ಸರಿಹೋದರೆ ಅಲ್ಲಿ ಲೀನ್, ಕ್ಲಿಪ್ ಒಂದು ಗೀರು ಕೆಳಗೆ ಹಾಕಿ, ಸೂಜಿ ಮೇಲೇರುತ್ತದೆ. ಚೋಕ್ ಎಳೆದಾಗ ಇನ್ನೂ ಕೆಟ್ಟರೆ ರಿಚ್ (ಪೆಟ್ರೋಲ್ ಜಾಸ್ತಿ), ಕ್ಲಿಪ್ ಒಂದು ಗೀರು ಮೇಲೆ. ಒಂದು ಸಲಕ್ಕೆ ಒಂದೇ ಗೀರು, ಬೇರೆ ಏನನ್ನೂ ಬದಲಿಸದೆ. ಪ್ಲಗ್ ಹೊಸದು ಹಾಕಿ ನೋಡಿ, ಹಳೆಯ ಪ್ಲಗ್‌ನಲ್ಲಿ ಹಳೆಯ ಬಣ್ಣವೇ ಕಾಣುತ್ತದೆ. ಪಿಂಗಾಣಿಯ ತುದಿ ನೋಡಬೇಡಿ, ಒಳಗೆ ಬುಡದ ಹತ್ತಿರ ಕಾಣುವ ಉಂಗುರ ನೋಡಿ. ಕಾಫಿ ಪುಡಿಯ ಬಣ್ಣ ಇದ್ದರೆ ಅಲ್ಲಿಗೆ ಬಿಡಿ. 500 ಕಿಲೋಮೀಟರ್ ಆದ ಮೇಲೆ ಹೆಡ್ ನಟ್ ಒಮ್ಮೆ ತಣ್ಣಗಿರುವಾಗ ಬಿಗಿ ಮಾಡಿ, ಗೇರ್ ಆಯಿಲ್ ಬದಲಿಸಿ.